ಫನಾರ್ ಕ್ಲಬ್ಬಿನ ದುಭಾಷಿ

ಫೆಬ್ರವರಿ 7, ಶನಿವಾರ

ಬೆಳಿಗ್ಗೆ ಒಬ್ಬರ ದವಡೆ ಹಲ್ಲು ಕೀಳುತ್ತಿದ್ದಾಗ ನನ್ನ ಹೆಂಡತಿಯ ಅಣ್ಣ ಹಾಜಿ ಬದ್ರಾನ್ ಕ್ಲಿನಿಕ್ಕಿನೊಳಗೆ ನುಗ್ಗಿದ. ರೋಗಿ ಬಾಯಿ ತೆರೆದುಕೊಂಡು ಮಲಗಿದ್ದಾನೆ, ಇವನಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಸುಯೆಜ್ ಪೇಟೆಯ ಮೀನಿನ ವ್ಯಾಪಾರದಲ್ಲಿ ಅರ್ಧ ಇವನದು. ಸಾಲದ್ದಕ್ಕೆ ಫನಾರ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ ಬೇರೆ.

"ಡಾಕ್ಟ್ರೇ, ನೀವು ಬೆಲ್‌ಗ್ರೇಡಲ್ಲಿ ಓದಿದ್ದಲ್ವಾ?"

"ಹಲ್ಲು ಕೀಳೋದನ್ನ ಓದಿದ್ದು, ಭಾವ."

"ಅಲ್ಲಿನ ಭಾಷೇಲೇ ತಾನೇ ಓದಿದ್ದು? ನಮ್ಮ ಹೊಸ ಕೋಚ್ ಸೆರ್ಬಿಯಾದವನು. ದುಭಾಷಿ ನಿನ್ನೆ ಓಡಿಹೋದ."

"ಯಾಕೆ ಓಡಿಹೋದ?"

"ಕೋಚ್ ಬೈದಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿಬಿಟ್ಟ. ಹುಡುಗರು ಅಟ್ಟಿಸ್ಕೊಂಡು ಹೋದ್ರು."

ನಾನು ಆಗುವುದಿಲ್ಲ ಎಂದೆ. ಗಾಳಿ ತುಂಬಿದ ಚರ್ಮದ ಚೀಲಕ್ಕಾಗಿ ಗಡ್ಡ ಬಂದ ಗಂಡಸರು ಒದ್ದಾಡುವುದರಲ್ಲಿ ನನಗೆ ಯಾವ ಆಸಕ್ತಿಯೂ ಇಲ್ಲ ಎಂದೂ ಹೇಳಿದೆ. ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಸುದ್ದಿ ನನ್ನ ಹೆಂಡತಿ ನಾಹಿದಳ ಕಿವಿಗೆ ಬಿದ್ದಿತ್ತು. ಇವಳು ಹುಟ್ಟಿದ್ದೇ ಫನಾರ್ ಮೈದಾನದ ಹಿಂದಿನ ಬೀದಿಯಲ್ಲಿ. ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಪಂದ್ಯ ಕೇಳುತ್ತಾಳೆ, ನಾನು ಎದ್ದು ಬಾಗಿಲು ಹಾಕಿಕೊಳ್ಳುತ್ತೇನೆ. ಹೀಗೆಯೇ ನಮ್ಮ ಸಂಸಾರ ತಕರಾರಿಲ್ಲದೆ ನಡೆದಿದೆ.

"ಒಪ್ಕೊಳ್ಳಿ," ಅಂದಳು.

"ನನಗೆ ಆ ಆಟದ ತಲೆಬುಡ ಗೊತ್ತಿಲ್ಲ ನಾಹಿದ್."

"ತಲೆಬುಡ ಗೊತ್ತಿರೋರು ಸೇರಿಯೇ ಕ್ಲಬ್ಬನ್ನ ಈ ಗತಿಗೆ ತಂದಿದ್ದು. ಒಪ್ಕೊಳ್ಳಿ."

ಒಪ್ಪಿಕೊಂಡೆ. ಋತು ಮುಗಿಯುವ ತನಕ ಮಾತ್ರ. ಇದನ್ನೆಲ್ಲ ಬರೆದಿಡುತ್ತಿರುವುದು, ನನಗೆ ಆಗ ಏನು ಬಂದಿತ್ತು ಎಂದು ಮುಂದೊಂದು ದಿನ ನಾನೇ ಕೇಳಿಕೊಂಡರೆ ಉತ್ತರ ಇರಲಿ ಎಂದು.

ಫೆಬ್ರವರಿ 9, ಸೋಮವಾರ

ಕೋಚ್ ಹೆಸರು ರಾದೊವಾನ್. ಆಳು ಬಾಗಿಲಿನಷ್ಟು ಅಗಲ. ಸಿಗರೇಟಿನಿಂದ ಕಪ್ಪಾದ ಹಲ್ಲುಗಳು, ಕೆಳಗಿನ ಸಾಲಿಗೆ ತುರ್ತಾಗಿ ಕೆಲಸ ಬೇಕು. ನನ್ನ ಸೆರ್ಬಿಯನ್ ಕೇಳಿ ಅಪ್ಪಿಕೊಂಡ. "ಡಾಕ್ಟರ್, ನೀನು ನನ್ನ ತಾತನ ಕಾಲದವರ ಹಾಗೆ ಮಾತಾಡ್ತೀಯ!" ಎಂದ.

ಅಪ್ಪುಗೆ ಅಷ್ಟಕ್ಕೇ ಮುಗಿಯಿತು. ನಾಯಕ ಶೆಹಾತಾ ಚೆಂಡು ತೆಗೆದುಕೊಂಡು ತಿರುಗುವಾಗ ಎಡವಿದ. ರಾದೊವಾನ್ ಕಿರುಚಿದ: "ಆ ಕತ್ತೆಗೆ ಹೇಳು, ಅವನಿಗಿಂತ ನಮ್ಮಜ್ಜಿಯ ಬಟ್ಟೆ ಬೀರು ಬೇಗ ತಿರುಗುತ್ತೆ! ಅದಕ್ಕೆ ಒಂದು ಕಾಲು ಬೇರೆ ಇಲ್ಲ!"

ನಾನು ಹೇಳಿದೆ: "ಶೆಹಾತಾ, ನಿಮ್ಮ ತಿರುವು ಇನ್ನೊಂಚೂರು ಚುರುಕಾದ್ರೆ ಇಡೀ ಈಜಿಪ್ಟಲ್ಲಿ ನಿಮಗೆ ಸಾಟಿ ಇರಲ್ಲ ಅಂತಾರೆ ಕೋಚ್."

ಶೆಹಾತಾ ಅನುಮಾನದಿಂದ ನೋಡಿದ. "ಅಷ್ಟು ಹೇಳೋಕೆ ಮುಖ ಯಾಕೆ ಡಾಕ್ಟ್ರೇ ಬೀಟ್‌ರೂಟ್ ಥರ ಆಯ್ತು?"

"ಅವರ ದೇಶದಲ್ಲಿ ಪ್ರೀತಿ ಉಕ್ಕಿದ್ರೆ ಹಾಗೇ ಆಗೋದು."

ಶೆಹಾತಾ ಎದೆಯ ಮೇಲೆ ಕೈಯಿಟ್ಟು ಕೋಚ್‌ಗೆ ತಲೆಬಾಗಿದ. ಆಮೇಲೆ ಚೆನ್ನಾಗಿಯೇ ತಿರುಗಿದ. ರಾದೊವಾನ್ ಬೆರಗಾದ. "ನೋಡಿದೆಯಾ? ಇವರಿಗೆ ಬೈದರೇನೇ ಬುದ್ಧಿ ಬರೋದು."

"ನೋವಾಗತ್ತಾ?" ಎಂದು ಕೇಳಿದವರಿಗೆಲ್ಲ "ಇಲ್ಲ" ಎನ್ನುತ್ತಲೇ ತಲೆ ಬೆಳ್ಳಗಾದವನು ನಾನು. ಈ ಕೆಲಸ ಅಂಥ ಕಷ್ಟವೇನಲ್ಲ.

ಫೆಬ್ರವರಿ 20, ಶುಕ್ರವಾರ

ಅವರು ಸೋತರು. ಮೂರೋ ನಾಲ್ಕೋ. ಬೆಂಚು ಗಟ್ಟಿಯಾಗಿತ್ತು, ಬಿಸಿಲಿತ್ತು. ಮನೆಗೆ ಬಂದರೆ ಊಟಕ್ಕೆ ತಣ್ಣಗಾದ ಬೇಯಿಸಿದ ಅವರೆ. ನಾಹಿದ್ ಎದುರಿಗೆ ಕೂತು ನನ್ನನ್ನೇ ದಿಟ್ಟಿಸುತ್ತಿದ್ದಳು.

"ಮೂರನೇ ಗೋಲು ಹೊಡೆಸಿಕೊಂಡಾಗ ಕ್ಯಾಮೆರಾ ನಿಮ್ಮ ಬೆಂಚಿನ ಕಡೆ ಬಂತು. ನೀವು ಪದಬಂಧ ಬಿಡಿಸ್ತಿದ್ರಿ. ಇಡೀ ದೇಶ ನೋಡ್ತು."

"ಪೂರ್ತಿ ಮಾಡ್ದೆ ಕಣೆ. ಒಂದೂ ಮನೆ ಖಾಲಿ ಬಿಡಲಿಲ್ಲ."

ಅವಳು ಅವರೆಕಾಳಿನ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ಹೋದಳು.

ಫೆಬ್ರವರಿ 25, ಬುಧವಾರ

ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವುದೇ ದುಸ್ತರವಾಗಿದೆ. ಬಂದವರು ಬಾಯಿ ತೆರೆಯುವುದು ನಾನು ನೋಡಲಿ ಎಂದಲ್ಲ, ನನ್ನನ್ನು ವಿಚಾರಿಸಿಕೊಳ್ಳಲಿಕ್ಕೆ. ಇವತ್ತು ಬಂದರಿನ ಒಬ್ಬ ಕ್ರೇನ್ ಚಾಲಕ, ಅರ್ಧ ದವಡೆ ಮರಗಟ್ಟಿದ್ದರೂ ಬಿಡದೆ, "ಆಫ್‌ಸೈಡ್ ಬಲೆ ಹಾಕೋಕೆ ಬರದೋರು ಯಾಕೆ ಹಾಕ್ತೀರಿ?" ಎಂದು ಗದರಿದ. "ಕೋಚನ್ನ ಕೇಳಿ ಹೇಳ್ತೀನಿ" ಎಂದೆ. "ನಿಮಗೆ ಆಫ್‌ಸೈಡ್ ಅಂದ್ರೇನು ಗೊತ್ತಾ?" ಎಂದ. ಅವನ ಬಾಯಿಗೆ ಹತ್ತಿ ತುರುಕಿದೆ.

ರಾತ್ರಿ ಊಟವಾದ ಮೇಲೆ ನಾಹಿದಳನ್ನು ಕೇಳಿದೆ. ಒಪ್ಪಿಕೊಂಡ ಕೆಲಸವನ್ನು ನೆಟ್ಟಗೆ ಮಾಡಬೇಕಲ್ಲ, ಅದಕ್ಕೆ. ಅವಳು ಉಪ್ಪಿನ ಡಬ್ಬಿಯನ್ನು ಗೋಲ್‌ಕೀಪರ್ ಮಾಡಿದಳು, ಚಹಾ ಲೋಟಗಳನ್ನು ಸಾಲಾಗಿ ನಿಲ್ಲಿಸಿದಳು, ಮುನ್ನುಗ್ಗುವ ಆಟಗಾರನೆಂದು ಒಂದು ಆಲಿವ್ ಕಾಯನ್ನು ಅವುಗಳ ಹಿಂದಕ್ಕೆ ಸರಿಸಿ, "ಈಗ ಹೇಳಿ, ಇದು ಆಫ್‌ಸೈಡೋ ಅಲ್ವೋ?" ಎಂದಳು. ನಾನು ಅಲ್ಲ ಎಂದೆ. ಹೌದಂತೆ. ವಾದ ಮಾಡಿದೆ. ಚೆಂಡು ಹೊರಟಾಗ ಆಲಿವ್ ಕಾಯಿ ಎಲ್ಲಿತ್ತು ಎನ್ನುವುದು ಮುಖ್ಯವಂತೆ, ಚೆಂಡನ್ನು ಮುಟ್ಟಿದಾಗ ಎಲ್ಲಿತ್ತು ಎನ್ನುವುದಲ್ಲವಂತೆ. ನ್ಯಾಯ ಸೂಕ್ಷ್ಮವಾಗಿದೆ. ಚಹಾ ಆರಿಹೋಯಿತು, ಇನ್ನೊಮ್ಮೆ ಮಾಡಿದಳು.

ಮಾರ್ಚ್ 12, ಶುಕ್ರವಾರ

ಗೆದ್ದರು. ಕೊನೆಯ ನಿಮಿಷದಲ್ಲಿ ಪದಬಂಧದ ಪೆನ್ಸಿಲ್ ಕೈಯಲ್ಲೇ ಮುರಿಯಿತು. ಪೆನ್ಸಿಲ್ ಹಳೆಯದಿರಬೇಕು.

ಮಾರ್ಚ್ 30, ಮಂಗಳವಾರ

ಮೊರಾಕ್ಕೊದಿಂದ ಈಗ ತಾನೇ ವಾಪಸು. ಲೀಗ್‌ನಲ್ಲಿ ತಳದಲ್ಲಿ ತೆವಳುವ ಫನಾರ್ ಅರಬ್ ಕ್ಲಬ್ಬುಗಳ ಕಪ್ಪಿನಲ್ಲಿ ಫೈನಲ್ ತಲುಪಿರುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ರಾದೊವಾನ್ ಬರುವ ಮೊದಲೇ ಆದ ಪವಾಡವಂತೆ ಅದು. ಫೈನಲ್ ಎರಡು ಪಂದ್ಯಗಳದ್ದು. ಮೊದಲನೆಯದು ಅವರ ಊರಿನಲ್ಲಿ, ಎರಡನೆಯದು ಸುಯೆಜ್‌ನಲ್ಲಿ.

ಅಲ್ಲಿ ಮಾತನಾಡುವುದೂ ಅರಬ್ಬಿಯೇ. ಆದರೆ ಸ್ವರಗಳನ್ನೆಲ್ಲ ನುಂಗಿ ವ್ಯಂಜನಗಳನ್ನಷ್ಟೇ ಉಗುಳುತ್ತಾರೆ. ಹೋಟೆಲಿನವನು ಏನೋ ಕೇಳಿದ, ನಾನು ಹೂಂ ಎಂದೆ, ನನ್ನ ಕೋಣೆಗೆ ಆರು ದಿಂಬು ಬಂದವು. ನಮ್ಮ ಮಾತು ಮಾತ್ರ ಅವರಿಗೆ ಪೂರ್ತಿ ಅರ್ಥವಾಗುತ್ತದೆ, ನಮ್ಮ ಸಿನಿಮಾ ನೋಡಿ ಬೆಳೆದವರು. ರಾದೊವಾನ್ ನಕ್ಕೂ ನಕ್ಕೂ ಸುಸ್ತಾದ: "ನನ್ನ ದುಭಾಷಿಗೇ ಒಬ್ಬ ದುಭಾಷಿ ಬೇಕು!"

ಒಂದು ಗೋಲಿನಿಂದ ಸೋತೆವು. ಆ ಪೆನಾಲ್ಟಿ ಕೊಟ್ಟಿದ್ದು ಶುದ್ಧ ಅನ್ಯಾಯ. ಅವರ ಆಟಗಾರ ತಾನಾಗಿಯೇ ಬಿದ್ದ. ನಾನು ಇಷ್ಟು ಹತ್ತಿರದಿಂದ ನೋಡಿದ್ದೇನೆ. ಕಾಲು ತಾಗಲೇ ಇಲ್ಲ. ತಾಗಿದ್ದರೂ ಬೀಳುವಂಥದ್ದಲ್ಲ. ನಾಹಿದಳೂ ಟಿವಿಯಲ್ಲಿ ನೋಡಿ ಅದನ್ನೇ ಹೇಳಿದಳು, ವಿಮಾನ ನಿಲ್ದಾಣದಿಂದ ಮನೆ ಮುಟ್ಟುವ ತನಕ ಅದೇ ಮಾತು. ಇಷ್ಟಕ್ಕೂ ನನಗೇನು? ನ್ಯಾಯ ಯಾವತ್ತಿದ್ದರೂ ನ್ಯಾಯ, ಅದಕ್ಕೆ ಬರೆದೆ.

ಏಪ್ರಿಲ್ 12, ಸೋಮವಾರ

ವಸಂತದ ಹಬ್ಬ. ಹಾಜಿ ಬದ್ರಾನ್ ಕೋಚ್‌ನನ್ನೂ ಅವನ ಸಹಾಯಕ ಉಕಾಶಾನನ್ನೂ ನಮ್ಮನ್ನೂ ಸಮುದ್ರದ ದಂಡೆಗೆ ಊಟಕ್ಕೆ ಕರೆದಿದ್ದ. ಮಧ್ಯದಲ್ಲಿ ದೊಡ್ಡ ಹರಿವಾಣ, ಅದರಲ್ಲಿ ಹಬ್ಬದ ಫಸೀಖ್: ಉಪ್ಪಿನಲ್ಲಿ ವಾರಗಟ್ಟಲೆ ಕೊಳೆಸಿದ ಮೀನು. ಭಾವ ಈ ಸಲ ತಾನೇ ಮನೆಯಲ್ಲಿ ಹಾಕಿದ್ದಂತೆ. ಮುಚ್ಚಳ ತೆಗೆದ ಕೂಡಲೇ ಕಾಗೆಗಳು ಹಾರಿಹೋದವು. ನನಗೆ ರಕ್ತದೊತ್ತಡ ಎಂದು ತಪ್ಪಿಸಿಕೊಂಡೆ. ನಾಹಿದ್ ಅಣ್ಣನ ಕೈರುಚಿ ಬಲ್ಲವಳು, ಈರುಳ್ಳಿ ರೊಟ್ಟಿಯಲ್ಲೇ ಮುಗಿಸಿದಳು.

ರಾದೊವಾನ್ ಮೂಗು ಮುಚ್ಚಿಕೊಂಡು, "ಇದೇನು?" ಎಂದ.

"ಹೇಳಿ ಡಾಕ್ಟ್ರೇ, ನಮ್ಮ ಹಬ್ಬದೂಟ, ಮುಟ್ಟದೇ ಇದ್ರೆ ಮನೆಯವನಿಗೆ ಅವಮಾನ ಅಂತ," ಎಂದ ಭಾವ.

ನಾನು ಸೆರ್ಬಿಯನ್‌ನಲ್ಲಿ, "ತಿನ್ನಬೇಡ. ನಾಡಿದ್ದು ಪಂದ್ಯ ಇದೆ," ಎಂದೆ.

ರಾದೊವಾನ್ ನನ್ನನ್ನೇ ನೋಡಿದ. "ಡಾಕ್ಟರ್, ನಾನು ಕತ್ತೆ ಅಂದಾಗೆಲ್ಲ ಆ ಹುಡುಗರು ನನಗೆ ನಮಸ್ಕಾರ ಮಾಡ್ತಾರೆ. ನೀನು ಏನು ಹೇಳ್ತಿದ್ದೀಯೋ ದೇವರಿಗೇ ಗೊತ್ತು. ಇವತ್ತು ಮಾತ್ರ ನಿಜ ಹೇಳ್ತಿದ್ದೀಯ ಅಂತ ನಾನ್ಯಾಕೆ ನಂಬಲಿ?"

ನಾಲ್ಕು ತುಂಡು ತಿಂದ. ವಿದೇಶಿಯವನ ಮುಂದೆ ಸೋಲಬಾರದೆಂದು ಉಕಾಶಾ ಐದು ತಿಂದ. ಭಾವ ಉಳಿದದ್ದನ್ನೆಲ್ಲ ಮುಗಿಸಿದ.

ಏಪ್ರಿಲ್ 13, ಮಂಗಳವಾರ

ಕೋಚ್ ಆಸ್ಪತ್ರೆಯಲ್ಲಿ. ಪಕ್ಕದ ಮಂಚದಲ್ಲಿ ಉಕಾಶಾ. ಇಬ್ಬರಿಗೂ ಡ್ರಿಪ್. ಜೀವಕ್ಕೆ ಅಪಾಯವಿಲ್ಲ, ಆದರೆ ನಾಲ್ಕು ದಿನ ಏಳುವಂತಿಲ್ಲ ಎಂದರು ವೈದ್ಯರು. ಭಾವನಿಗೆ ಏನೂ ಆಗಿಲ್ಲ. ಅವನ ಹೊಟ್ಟೆ ಹಡಗಿನ ತಳದಂಥದ್ದು.

ರಾದೊವಾನ್ ನನ್ನ ಕೈ ಹಿಡಿದುಕೊಂಡ. ಮುಖ ಸುಣ್ಣದ ಗೋಡೆ. "ನಾಳೆ ಟಿವಿ ನೋಡ್ತಾ ಫೋನಲ್ಲಿ ಹೇಳ್ತೀನಿ. ನೀನು ಹಾಗೇ ಹುಡುಗರಿಗೆ ದಾಟಿಸು. ಈ ಒಂದು ಸಲ, ನಿಮ್ಮಮ್ಮನಾಣೆ, ಸಿಹಿ ಬೆರೆಸಬೇಡ."

ನಿದ್ದೆ ಬರುತ್ತಿಲ್ಲ. ನಾಹಿದಳಿಗೂ ಬಂದಿಲ್ಲ. "ಗೆಲ್ಲೋಕೆ ಎರಡು ಗೋಲಿನ ಅಂತರ ಬೇಕು," ಎಂದಳು ಕತ್ತಲಲ್ಲಿ. "ಗೊತ್ತು," ಎಂದೆ.

ಏಪ್ರಿಲ್ 14, ಬುಧವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಮೈದಾನದಲ್ಲಿ ಸೂಜಿ ಊರಲು ಜಾಗವಿರಲಿಲ್ಲ. ಇದ್ದ ಒಬ್ಬನೇ ತರಬೇತುದಾರ ಗೋಲ್‌ಕೀಪರ್‌ಗಳನ್ನು ತಯಾರು ಮಾಡುವವನು. "ನನಗೆ ಕೈ ವಿಷಯ ಮಾತ್ರ ಗೊತ್ತು ಡಾಕ್ಟ್ರೇ, ಕಾಲಿನ ವಿಷಯ ನೀವು ಫೋನಲ್ಲಿ ಕೇಳಿ ಹೇಳಿ," ಎಂದು ಕೈ ತೊಳೆದುಕೊಂಡ.

ಫೋನಿನಲ್ಲಿ ರಾದೊವಾನ್ ಅಳುವ ಧ್ವನಿಯಲ್ಲಿದ್ದ. ವಾರ್ಡಿನ ಟಿವಿಯಲ್ಲಿ ಧಾರಾವಾಹಿ ಬರುತ್ತಿದೆಯಂತೆ. ಇವತ್ತು ಅದರ ಕೊನೆಯ ಕಂತಂತೆ. ದಾದಿ ಚಾನೆಲ್ ಬದಲಾಯಿಸಲು ಬಿಡುತ್ತಿಲ್ಲವಂತೆ. "ನೀನೇ ಹೇಳು ಡಾಕ್ಟರ್, ಅಲ್ಲಿ ಏನಾಗ್ತಿದೆ?"

ಏನೆಂದು ಹೇಳುವುದು? ಕಂಡದ್ದನ್ನು ಹೇಳಿದೆ. ಅವರು ಮಧ್ಯದಲ್ಲಿ ಐದು ಜನರನ್ನು ಗೋಡೆಯ ಹಾಗೆ ನಿಲ್ಲಿಸಿದ್ದಾರೆ, ಶೆಹಾತಾ ಅದಕ್ಕೇ ಹೋಗಿ ಹಣೆ ಚಚ್ಚಿಕೊಳ್ಳುತ್ತಿದ್ದಾನೆ, ನಮ್ಮ ಬಲಗಡೆಯವನು ಚೆಂಡು ಸಿಕ್ಕ ಮೇಲೆ ಒಂದು ಉಸಿರು ತಡ ಮಾಡುತ್ತಾನೆ, ಅಷ್ಟರಲ್ಲಿ ಬಾಗಿಲು ಮುಚ್ಚಿಹೋಗುತ್ತದೆ, ಅವರ ಗೋಲ್‌ಕೀಪರ್ ಮುಂದೆ ಬರಲು ಅಂಜುತ್ತಾನೆ. ರಾದೊವಾನ್ "ಹೂಂ, ಹೂಂ" ಎನ್ನುತ್ತಿದ್ದ. ಆಮೇಲೆ ಹೂಂಗುಟ್ಟುವುದು ನಿಂತಿತು. ಆಮೇಲೆ ಗೊರಕೆ. ಇಂಜೆಕ್ಷನ್ ಕೊಟ್ಟಿದ್ದರೆಂದು ಕಾಣುತ್ತದೆ.

"ರಾದೊವಾನ್! ಏಯ್, ರಾದೊವಾನ್!" ಗೊರಕೆ ಇನ್ನೂ ಜೋರಾಯಿತು. ಇನ್ನೂ ಒಂದೂ ಗೋಲಿಲ್ಲ, ಮೊದಲರ್ಧ ಮುಗಿಯಲು ಬಂದಿತ್ತು.

ಆಗಲೇ ಅವರ ಎರಡನೇ ನಂಬರಿನವನು ನಮ್ಮ ಬೆಂಚಿನ ಮುಂದೆ ನೀರು ಕುಡಿಯಲು ಬಂದ. ಬಲಗಡೆಯ ಡಿಫೆಂಡರ್, ಎತ್ತರದ ಆಸಾಮಿ. ಅವನು ನೀರನ್ನು ನುಂಗಲಿಲ್ಲ. ತಲೆ ವಾಲಿಸಿ, ಒಂದೇ ದವಡೆಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ ನಿಂತ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಬುದ್ಧಿಹಲ್ಲಿನ ಬೇರಿಗೆ ಕೀವು ಇಳಿದಾಗ ತಣ್ಣೀರೊಂದೇ ಸುಖ. ಆಮೇಲೆ ಅವನನ್ನೇ ನೋಡುತ್ತ ಕೂತೆ. ಎತ್ತರದ ಚೆಂಡು ಬಂದಾಗಲೆಲ್ಲ ಹಾರಿದಂತೆ ಮಾಡುತ್ತಾನೆ, ಹಣೆ ಕೊಡುವುದಿಲ್ಲ.

ವಿರಾಮದಲ್ಲಿ ಎಲ್ಲರೂ ನನ್ನ ಸುತ್ತ. "ಡಾಕ್ಟ್ರೇ, ಕೋಚ್ ಏನಂತಾರೆ?"

ಫೋನು ಕಿವಿಯಲ್ಲೇ ಇತ್ತು. ಅದರಲ್ಲಿ ಗೊರಕೆಯೇ.

"ಕೋಚ್ ಹೇಳ್ತಾರೆ," ಎಂದೆ, "ಮಧ್ಯದಲ್ಲಿ ಆಡೋದು ಬಿಡಿ. ಎಲ್ಲಾ ಚೆಂಡೂ ಎಡಕ್ಕೆ, ಎತ್ತರಕ್ಕೆ, ಆ ಎರಡನೇ ನಂಬರಿನವನ ತಲೆ ಮೇಲಕ್ಕೆ. ಶೆಹಾತಾ, ನೀವು ಅಲ್ಲಿಗೆ ಹೋಗಿ ನಿಂತ್ಕೊಳ್ಳಿ."

ಶೆಹಾತಾ ಸಿಡಿದೆದ್ದ. "ನಾನು ಎಡಕ್ಕಾ? ಹುಟ್ಟಿದಾಗಿಂದ ನಾನು ಮಧ್ಯದಲ್ಲೇ ಆಡಿರೋದು! ಕೋಚ್ ಹಾಗಂದ್ರಾ?"

"ನಂಬಿಕೆ ಇಲ್ದಿದ್ರೆ ನೀವೇ ಕೇಳಿ." ಫೋನನ್ನು ಅವನ ಕಿವಿಗೆ ಹಿಡಿದೆ.

ಅವನು ಕೇಳಿಸಿಕೊಂಡ. ಮುಖ ಬಿಳಿಚಿತು. "ಏನೋ ಗೊರ್ ಗೊರ್ ಅಂತಿದ್ದಾರೆ..."

"ಸಿಟ್ಟಲ್ಲಿದ್ದಾರೆ. ಅನುವಾದ ಮಾಡ್ಲಾ?"

"ಬೇಡ ಬೇಡ! ಹೋಗ್ತೀನಿ."

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಶೆಹಾತಾ ಎರಡನೇ ನಂಬರಿನವನ ತಲೆಯ ಮೇಲಿಂದ ಹಾರಿ ಮೊದಲನೆಯದನ್ನು ಹೊಡೆದ. ಎರಡನೆಯದು ಬರಬೇಕಾದರೆ ಪ್ರಾಣ ಬಾಯಿಗೆ ಬಂತು. ಸಮಯ ಮುಗಿದಿತ್ತು, ರೆಫರಿ ಸೀಟಿಯನ್ನು ತುಟಿಗಿಟ್ಟಿದ್ದ, ಆಗ ಎಡದಿಂದ ಕಾರ್ನರ್, ಎರಡನೇ ನಂಬರಿನವನು ತಲೆ ತಗ್ಗಿಸಿದ, ಚೆಂಡು ಅವನ ಹಿಂದಿದ್ದ ಶೆಹಾತಾನ ಹಣೆಗೆ, ಅಲ್ಲಿಂದ ಬಲೆಗೆ. ಕಪ್ ನಮ್ಮದು.

ಆಮೇಲಿನದು ಅಷ್ಟು ಸ್ಪಷ್ಟವಾಗಿ ನೆನಪಿಲ್ಲ. ಬೆಂಚಿನ ಕಾಲು ಸಡಿಲವಿತ್ತು, ಹಾಗಾಗಿ ನಾನು ಎದ್ದು ನಿಂತಿದ್ದೆ. ಕನ್ನಡಕ ಎಲ್ಲೋ ಬಿದ್ದು ಒಡೆದಿದೆ. ಅದಕ್ಕೂ ಮೊದಲು ರೆಫರಿ ಬಂದು ನನಗೆ ಎಚ್ಚರಿಕೆ ಕೊಟ್ಟದ್ದು ನಿಜ. ಒಂದು ಆಫ್‌ಸೈಡ್ ವಿಷಯದಲ್ಲಿ ನಾನು ಸೆರ್ಬಿಯನ್‌ನಲ್ಲಿ ಅವನ ಅಜ್ಜಿಯ ಬಗ್ಗೆ ಏನೋ ಅಂದೆನಂತೆ. ಭಾಷೆ ಗೊತ್ತಿಲ್ಲದಿದ್ದರೂ ಅವನಿಗೆ ಹೇಗೆ ತಿಳಿಯಿತೋ. ನಾಹಿದ್ ಬೇಲಿ ದಾಟಿ ಬಂದು ಎಲ್ಲರೆದುರು ನನ್ನ ಹಣೆಗೆ ಮುತ್ತಿಟ್ಟಳು. ಈ ವಯಸ್ಸಿನಲ್ಲಿ.

ಏಪ್ರಿಲ್ 15, ಗುರುವಾರ

ಬೆಳಿಗ್ಗೆ ಕ್ಲಿನಿಕ್ ಬಾಗಿಲು ತೆರೆದರೆ ಎದುರಿಗೇ ಅವನು. ಎರಡನೇ ನಂಬರಿನವನು. ಬೂಶಾಯಿಬ್ ಅಂತ ಹೆಸರು. ಕೆನ್ನೆ ಊದಿ ಕಿವಿ ತನಕ ಹೋಗಿದೆ. ಹತ್ತಿರದ ಹಲ್ಲಿನ ವೈದ್ಯರ ವಿಳಾಸ ಕೇಳಿದಾಗ ಹೋಟೆಲಿನವರು ನನ್ನದು ಕೊಟ್ಟಿದ್ದಾರೆ. ಹೇಳಿದರೆ ಫೈನಲ್ ಆಡಿಸುವುದಿಲ್ಲ ಎಂದು ನೋವನ್ನು ತಂಡದವರಿಗೂ ಮುಚ್ಚಿಟ್ಟಿದ್ದಾನೆ ಪುಣ್ಯಾತ್ಮ. ಇಷ್ಟನ್ನು ಅವನು ಕೈಸನ್ನೆಯಲ್ಲಿ ಹೇಳಿದ್ದು, ಮಾತಿನಲ್ಲಲ್ಲ.

ಹಲ್ಲು ಸುಲಭಕ್ಕೆ ಬರಲಿಲ್ಲ. ಬಂದ ಮೇಲೆ ಅವನ ಕಣ್ಣಿನಿಂದ ನೀರು ಇಳಿಯಿತು, ನನ್ನ ಕೈ ಹಿಡಿದು ಎದೆಗೊತ್ತಿಕೊಂಡ. ನನಗೆ ತಡೆಯಲಾಗಲಿಲ್ಲ.

"ನೋಡಪ್ಪ," ಎಂದೆ, "ನಿನ್ನೆ ಚೆಂಡನ್ನೆಲ್ಲ ನಿನ್ನ ಕಡೆಗೆ ಕಳಿಸಿದ್ದು ನಮ್ಮ ಕೋಚ್ ಅಲ್ಲ, ನಾನು. ನಿನ್ನ ಹಲ್ಲುನೋವು ಕಂಡುಹಿಡಿದೆ, ಅದರ ಮೇಲೇ ಆಡಿಸಿದೆ. ವೈದ್ಯನಾದವನು ಮಾಡೋ ಕೆಲಸ ಅಲ್ಲ."

ಅವನು ಎದ್ದು ಕೂತ. ಬಾಯಿ ತುಂಬ ಹತ್ತಿ. ಹಾಗೆಯೇ ಮಾತನಾಡತೊಡಗಿದ. ಬಹಳ ಹೊತ್ತು ಮಾತನಾಡಿದ. ಒಮ್ಮೆ ಬೆರಳು ತೋರಿಸಿದ, ಒಮ್ಮೆ ಮೇಜು ಗುದ್ದಿದ, ಒಮ್ಮೆ ನಕ್ಕ ಹಾಗೂ ಇತ್ತು. ಕೊನೆಗೆ ನನ್ನ ಭುಜ ಜೋರಾಗಿ ತಟ್ಟಿ, ಕಿತ್ತ ಹಲ್ಲನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಬೈದನೋ ಹರಸಿದನೋ ತಿಳಿಯಲಿಲ್ಲ. ದುಭಾಷಿಯನ್ನು ಕರೆಸೋಣವೆಂದರೆ ಊರಿನಲ್ಲಿ ಆ ಕೆಲಸ ನನ್ನದೇ.

ನಾಹಿದಳಿಗೆ ಹೇಳಿದೆ. "ಭುಜ ತಟ್ಟಿದ ಅಂದ್ರೆ ಹರಸಿದ ಅಂತಲೇ," ಎಂದಳು. ಭುಜ ಇನ್ನೂ ನೋಯುತ್ತಿದೆ.

ಏಪ್ರಿಲ್ 18, ಭಾನುವಾರ

ರಾದೊವಾನ್ ಆಸ್ಪತ್ರೆಯಿಂದ ಸೀದಾ ಕ್ಲಿನಿಕ್ಕಿಗೆ ಬಂದ. ಕಂಕುಳಲ್ಲಿ ಪತ್ರಿಕೆಗಳ ಕಟ್ಟು. ಮೊದಲ ಪುಟದಲ್ಲೆಲ್ಲ ಅವನದೇ ಚಿತ್ರ, 'ಹಾಸಿಗೆಯಿಂದಲೇ ಕಪ್ ಗೆದ್ದ ಚಾಣಾಕ್ಷ' ಎಂದು. ದಾದಿ ತನ್ನ ಹರಕು ಇಂಗ್ಲಿಷಿನಲ್ಲಿ ತಿಳಿಸಿದಳಂತೆ.

"ಡಾಕ್ಟರ್, ಶೆಹಾತಾನನ್ನ ಎಡಕ್ಕೆ ಕಳಿಸು ಅಂತ ನಾನು ಹೇಳಿದ್ನಾ?"

"ಜ್ವರದಲ್ಲಿ ಹೇಳಿದೆ."

"ಜ್ವರ ಬಂದ್ರೆ ನಾನು ನಮ್ಮಮ್ಮನ್ನ ಕರೀತೀನಿ, ಅಷ್ಟೇ. ನಿಜ ಹೇಳು."

ಹೇಳಿದೆ. ಹಲ್ಲಿನ ವಿಷಯ ಬಂದಾಗ ಅವನು ಕುರ್ಚಿಯ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, ನರಳುತ್ತ ನಕ್ಕ. ಕುಳಿತದ್ದು ರೋಗಿಯ ಕುರ್ಚಿಯಲ್ಲಿ. ಬಿಡಲಿಲ್ಲ ನಾನು, ಕೆಳಗಿನ ಸಾಲನ್ನು ಅಲ್ಲೇ ಸ್ವಚ್ಛ ಮಾಡಿದೆ.

ಹೊರಡುವಾಗ ಅವನು ಚೀಲದಿಂದ ಮೂರು ವಿಡಿಯೊ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟ. ಮುಂದಿನ ಶುಕ್ರವಾರ ಲೀಗ್ ಪಂದ್ಯ. ಸೋತರೆ ಫನಾರ್ ಕೆಳಗಿನ ದರ್ಜೆಗೆ ಬೀಳುತ್ತದೆ. ಕಪ್ ಗೆದ್ದವರಾಗಿದ್ದರೂ ಅಷ್ಟೇ. "ಇದು ಶುಕ್ರವಾರದ ಎದುರಾಳಿ ತಂಡದ ಆಟ. ಮನೇಲಿ ಕೂತು ನೋಡು. ಯಾರಿಗೆ ಹಲ್ಲುನೋವಿದೆ ಕಂಡುಹಿಡಿ."

ಹುಚ್ಚ. ಟಿವಿಯಲ್ಲಿ ಹಲ್ಲು ಕಾಣುತ್ತದೆಯೇ? ಆದರೂ ಒಪ್ಪಿಕೊಂಡೆ.

ಏಪ್ರಿಲ್ 19, ಸೋಮವಾರ

ಕ್ಲಿನಿಕ್ ಮುಚ್ಚಿದ್ದೆ. ಮೂರೂ ಕ್ಯಾಸೆಟ್ ನೋಡಿದೆ. ಎರಡನೆಯದನ್ನು ಎರಡು ಸಲ. ಅವರ ಆರನೇ ನಂಬರಿನವನು ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ತಿರುಗಿ ನೋಡಿಕೊಂಡುಬಿಡುತ್ತಾನೆ, ಆಮೇಲೆ ನೋಡದೆಯೇ ಕೊಡುತ್ತಾನೆ, ಎಂಥ ಸೊಗಸು! ಅವನ ನೆರಳಿಗೆ ಒಬ್ಬನನ್ನು ಅಂಟಿಸಿದರೆ ಮಿಕ್ಕವರಿಗೆ ಚೆಂಡೇ ಸಿಗುವುದಿಲ್ಲ. ನಮ್ಮ ಬಲಗಡೆಯವನಿಗೆ ಆ ಕೆಲಸ ಕೊಡಬಹುದು. ಆದರೆ ಆಗ ಬಲಗಡೆ ಬಯಲಾಗುತ್ತದೆ. ಲೋಟಗಳನ್ನು ಹರವಿಕೊಂಡು ನಾಹಿದಳನ್ನು ಕರೆದೆ. ಅವಳು ಒಂದು ರೀತಿ ಹೇಳಿದಳು, ನಾನು ಇನ್ನೊಂದು. ಜಗಳವೇ ಆಯಿತು. ಪಕ್ಕದ ಮನೆಯವರು ಏನಾಯಿತೋ ಎಂದು ಬಾಗಿಲು ತಟ್ಟಿದರು. ಬಂದವರು ತಾವೂ ಕೂತು, ಉಪ್ಪಿನ ಡಬ್ಬಿಯನ್ನು ಇನ್ನಷ್ಟು ಮುಂದಕ್ಕೆ ತರಬೇಕು ಎಂದರು.

ಅವರು ಹೋದ ಮೇಲೆ ನಾಹಿದ್ ಲೋಟಗಳನ್ನು ಎತ್ತಿಡುತ್ತ ಕೇಳಿದಳು. "ಅದೆಲ್ಲ ಸರಿ ಕಣ್ರೀ, ಯಾರಿಗಾದ್ರೂ ಹಲ್ಲುನೋವಿದೆಯಾ?"

ಹಲ್ಲನ್ನು ನೋಡುವುದನ್ನೇ ಮರೆತಿದ್ದೆ. ನಾಳೆ ಮತ್ತೊಮ್ಮೆ ಮೊದಲಿನಿಂದ ನೋಡಬೇಕು.